ಹಳೇ ಕಾಲದ ಕಲೆ, ಸಾಹಿತ್ಯದಲ್ಲಿ ಪಟ್ಟಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವುದು ಹೆಚ್ಚಾಗಿ ಯುರೋಪಿನ ವಿಷಯ. ಕಾಲ ಸುಮಾರು 1000ದಿಂದ 1660ರವರೆಗೆ. ಹಳೇ ಇಂಗ್ಲಿಷ್ ಕವಿ ಚಾಸರ್, ನಾಟಕಕಾರ ಶೇಕ್ಸ್‌ಪಿಯರ್, ಚಿತ್ರಕಾರ ಬ್ರೂಗಲ್ ಇವರನ್ನು ಓದುವಾಗ, ನೋಡುವಾಗ ಉದ್ದುದ್ದ ಪಟ್ಟಿಗಳು ಎದುರಾಗಿ ತಲೆ ಕೆರೆದುಕೊಂಡವರಿಗೆ ಈ ಪುಟ. ಕೊನೆಯ ಹೊತ್ತಿಗೆ ನಮ್ಮ ಬಳ್ಳಿಗಾವೆಗೂ ಒಂದು ಸುತ್ತು ಹೋಗಿ ಬರೋಣ.

ಪಟ್ಟಿ ಅಂದ್ರೆ ಅಂಗಡಿ ಚೀಟಿ ಅಲ್ವಾ? ಅದರಲ್ಲಿ ಕಲೆ ಏನು ಬಂತು?

ಅಂಗಡಿ ಚೀಟಿಯಿಂದಲೇ ಶುರು ಮಾಡೋಣ. ಫ್ಲಾರೆನ್ಸ್‌ನ ಕಾಸಾ ಬೂನರೋತಿ ಮ್ಯೂಸಿಯಂನಲ್ಲಿ ಮೈಕೆಲೆಂಜೆಲೊ ಬರೆದ ಒಂದು ಊಟದ ಚೀಟಿ ಇದೆ. 1518ರ ಮಾರ್ಚ್ 18ರ ತಾರೀಖಿನ ಒಂದು ಪತ್ರದ ಹಿಂಬದಿಯಲ್ಲಿ ಬರೆದದ್ದು. ಮೂರು ಹೊತ್ತಿನ ಊಟಕ್ಕೆ ಬೇಕಾದ್ದು ಅದರಲ್ಲಿದೆ. ಮೊದಲ ಊಟಕ್ಕೆ ಎರಡು ಬ್ರೆಡ್ಡು, ಒಂದು ಹೂಜಿ ವೈನ್, ಒಂದು ಹೆರಿಂಗ್ ಮೀನು, ಒಳಗೆ ಹೂರಣ ತುಂಬಿದ ತೊರ್ತೆಲ್ಲಿ. ಆಮೇಲಿನದಕ್ಕೆ ಸೊಪ್ಪಿನ ಸಲಾಡ್, ನಾಲ್ಕು ಬ್ರೆಡ್ಡು, ಪಾಲಕ್, ನಾಲ್ಕು ಸಣ್ಣ ಮೀನು. ಕೊನೆಯದಕ್ಕೆ ಆರು ಬ್ರೆಡ್ಡು, ಎರಡು ಬಟ್ಟಲು ಫೆನ್ನೆಲ್ ಸೂಪು, ಮತ್ತೊಂದು ಹೆರಿಂಗ್. ಎಡಗಡೆ ಬರಹ. ಬಲಗಡೆ ಒಂದೊಂದಕ್ಕೂ ಪುಟ್ಟ ಚಿತ್ರ: ಮೀನು, ಹೂಜಿ, ಬಟ್ಟಲು.

ಮಾಂಸದ ಹೆಸರೇ ಇಲ್ಲ, ಗಮನಿಸಿ. ಆ ವರ್ಷ ಮಾರ್ಚ್ 18 ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ ಬಿದ್ದಿತ್ತು. ಬ್ರೆಡ್ಡಿನ ಲೆಕ್ಕ ಎರಡು, ನಾಲ್ಕು, ಆರು ಅಂತ ಏರುತ್ತದೆ. ಅಂದರೆ ಊಟಕ್ಕೆ ಕೂರುವವರು ಬದಲಾಗುತ್ತಿರಬಹುದು. ಬರೀ ಒಂದು ಚೀಟಿಯಿಂದ ಇಷ್ಟೆಲ್ಲ ಗೊತ್ತಾಗುತ್ತದೆ.

ಅಕ್ಷರದ ಜೊತೆ ಚಿತ್ರ ಯಾಕೆ ಬಿಡಿಸಿದ?

ಸಾಮಾನು ತರುವ ಆಳಿಗೆ ಓದು ಬರುತ್ತಿರಲಿಲ್ಲ, ಅದಕ್ಕೇ ಚಿತ್ರ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ನಂಬುವಂಥ ಮಾತೇ. ಆ ಕಾಲದಲ್ಲಿ ಪಟ್ಟಿ ಬರೆಯುವವನು ಒಬ್ಬ, ಹಿಡಿದುಕೊಂಡು ಓಡುವವನು ಇನ್ನೊಬ್ಬ.

ಶೇಕ್ಸ್‌ಪಿಯರ್ ಇದೇ ಸಂಗತಿಯಿಂದ ಒಂದು ನಾಟಕವನ್ನೇ ಎಳೆದ. 'ರೋಮಿಯೋ ಅಂಡ್ ಜೂಲಿಯೆಟ್'ನಲ್ಲಿ ಕ್ಯಾಪುಲೆಟ್ ಯಜಮಾನ ಔತಣಕ್ಕೆ ಕರೆಯಬೇಕಾದವರ ಪಟ್ಟಿಯನ್ನು ಆಳಿನ ಕೈಗೆ ಕೊಡುತ್ತಾನೆ. ಆಳಿಗೆ ಓದೋಕೆ ಬರಲ್ಲ. ದಾರಿಯಲ್ಲಿ ಸಿಕ್ಕ ರೋಮಿಯೋನನ್ನೇ ಓದಿ ಹೇಳಪ್ಪಾ ಅಂತ ಕೇಳುತ್ತಾನೆ. ರೋಮಿಯೋ ಓದುತ್ತಾ ಹೋದರೆ ನಡುವೆ ರೋಸಲಿನ್ ಹೆಸರು! ಆಗ ಅವನು ಬಿದ್ದಿದ್ದದ್ದು ಅವಳ ಹಿಂದೆ. ಅವಳಿಗಾಗಿ ಔತಣಕ್ಕೆ ಹೋಗುತ್ತಾನೆ, ಅಲ್ಲಿ ಜೂಲಿಯೆಟ್‌ನ ನೋಡುತ್ತಾನೆ. ಆ ಆಳು ಎರಡಕ್ಷರ ಕಲಿತಿದ್ದರೆ ಕಥೆಯೇ ಇರುತ್ತಿರಲಿಲ್ಲ.

ಪಟ್ಟಿ ಬಂದ ಕೂಡ್ಲೇ ನಾನು ಪುಟ ಹಾರಿಸಿಬಿಡ್ತೀನಿ. ತಪ್ಪಾ?

ತಪ್ಪೇನಿಲ್ಲ, ಎಲ್ಲರೂ ಹಾರಿಸುತ್ತಾರೆ. ಆದರೆ ಹಾರಿಸುವ ಮುಂಚೆ ಎರಡು ಜಾಗ ನೋಡಿ: ಯಾವುದರ ಪಕ್ಕ ಯಾವುದು ಕೂತಿದೆ, ಕೊನೆಯಲ್ಲಿ ಯಾರಿದ್ದಾರೆ. ಜಾಣ ಬರಹಗಾರ ತನ್ನ ಕಿತಾಪತಿಯನ್ನು ಅಲ್ಲೇ ಇಟ್ಟಿರುತ್ತಾನೆ.

ಚಾಸರ್‌ನ 'ಕ್ಯಾಂಟರ್‌ಬರಿ ಟೇಲ್ಸ್' ಪೀಠಿಕೆಯೇ ಒಂದು ದೊಡ್ಡ ಪಟ್ಟಿ, ಯಾತ್ರೆಗೆ ಹೊರಟವರದು. ಮೊದಲು ಸೇನಾನಿ, ಅವನ ಮಗ, ಮಠದ ಹಿರಿಯಮ್ಮ, ಸನ್ಯಾಸಿ. ದರ್ಜೆ ಪ್ರಕಾರ ಅಂತ ಕಾಣುತ್ತದೆ. ಕೊನೆಗೆ ಉಳಿದವರನ್ನು ಒಂದೇ ಉಸಿರಿಗೆ ಹೇಳಿ ಮುಗಿಸುತ್ತಾನೆ: ಲೆಕ್ಕ ತಪ್ಪಿಸುವ ಜಮೀನು ಮೇಸ್ತ್ರಿ, ಹಿಟ್ಟು ಕದಿಯುವ ಗಿರಣಿಯವನು, ಲಂಚ ತಿನ್ನುವ ಚರ್ಚ್ ಕೋರ್ಟಿನ ಜವಾನ, ಸುಳ್ಳು ಕ್ಷಮಾಪತ್ರ ಮಾರುವವನು, ಯಜಮಾನರಿಗೇ ಟೋಪಿ ಹಾಕುವ ಉಗ್ರಾಣದವನು, 'ಮತ್ತೆ ನಾನು, ಇನ್ಯಾರೂ ಇರಲಿಲ್ಲ'. ಕಳ್ಳರ ಸಾಲಿನ ಬಾಲಕ್ಕೆ ಚಾಸರ್ ತನ್ನನ್ನೇ ಸಿಕ್ಕಿಸಿಕೊಂಡಿದ್ದಾನೆ. ಅದೂ ಎಷ್ಟು ಸಲೀಸಾಗಿ! ಪುಟ ಹಾರಿಸಿದವರಿಗೆ ಈ ನಗು ಸಿಗಲ್ಲ.

ಮರಗಳ ಹೆಸರನ್ನು ಸಾಲಾಗಿ ಹೇಳೋ ಪದ್ಯಗಳು ಯಾಕೆ ಅಷ್ಟೊಂದು?

ಅದು ಲ್ಯಾಟಿನ್‌ನಿಂದ ಬಂದ ಹಳೇ ಚಾಳಿ. ರೋಮಿನ ಕವಿ ಓವಿಡ್, ಆರ್ಫಿಯಸ್‌ನ ಹಾಡು ಕೇಳಲು ಮರಗಳೇ ನಡೆದು ಬಂದವು ಅಂತ ಬರೆದು, ಬಂದ ಮರಗಳ ಹಾಜರಿ ಹಾಕಿದ. ಆಮೇಲೆ ಬಂದವರಿಗೆಲ್ಲ ಅದೊಂದು ಪರೀಕ್ಷೆ ಆಯಿತು. ನೀನೂ ದೊಡ್ಡ ಕವಿನಾ? ಹಾಗಾದ್ರೆ ಮರಗಳ ಸಾಲು ಹೇಳು ನೋಡೋಣ.

ಚಾಸರ್‌ನ 'ಪಾರ್ಲಿಮೆಂಟ್ ಆಫ್ ಫೌಲ್ಸ್'ನಲ್ಲಿ ಏಳು ಸಾಲಿಗೆ 13 ಮರ. ಒಂದೊಂದಕ್ಕೂ ಅದರ ಕೆಲಸ ಅಂಟಿಕೊಂಡಿದೆ. ಮನೆ ಕಟ್ಟುವ ಓಕ್, ಕಂಬಕ್ಕೂ ಶವದ ಪೆಟ್ಟಿಗೆಗೂ ಆಗುವ ಎಲ್ಮ್, ಕೊಳಲಿಗೆ ಬಾಕ್ಸ್, ಹಡಗಿಗೆ ಫರ್, ಸತ್ತವರಿಗೆ ಅಳುವ ಸೈಪ್ರಸ್. ಆಮೇಲೆ ಬಿಲ್ಲಿನ ಯೂ, ಅದರ ಪಕ್ಕದಲ್ಲೇ ಬಾಣದ ಆಸ್ಪೆನ್. ಬಿಲ್ಲು ಬಾಣ ಆದ ಮೇಲೆ ಶಾಂತಿಯ ಆಲಿವ್, ಅಮಲಿನ ದ್ರಾಕ್ಷಿ ಬಳ್ಳಿ, ಗೆದ್ದವರ ತಾಳೆಗರಿ, ಭವಿಷ್ಯ ಹೇಳುವ ಲಾರೆಲ್. ಕಾಡಿನ ಹೆಸರಲ್ಲಿ ಒಂದು ಊರಿನ ಬಾಳುವೆಯೇ ಸಾಗುತ್ತಿದೆ: ಮನೆ, ಸಾವು, ಸಂಗೀತ, ಯುದ್ಧ, ರಾಜಿ, ಕುಡಿತ. 1590ರಲ್ಲಿ ಬಂದ 'ಫೇರಿ ಕ್ವೀನ್'ನಲ್ಲಿ ಸ್ಪೆನ್ಸರ್ ಇದನ್ನೇ ಎತ್ತಿಕೊಂಡು ತನ್ನದೊಂದು ಮರದ ಸಾಲು ಮಾಡಿದ.

ಇನ್ನೊಂದು ಕಡೆ, 'ಕ್ಯಾಂಟರ್‌ಬರಿ ಟೇಲ್ಸ್'ನ ಸೇನಾನಿ ಹೇಳುವ ಕಥೆಯಲ್ಲಿ, ಚಾಸರ್ ಚಿತೆಗೆ ಯಾವ ಯಾವ ಮರ ಕಡಿದರು ಅಂತ 'ನಾನು ಹೇಳಲ್ಲ' ಎನ್ನುತ್ತಲೇ 20ಕ್ಕೂ ಹೆಚ್ಚು ಮರಗಳನ್ನು ಹೇಳಿ ಮುಗಿಸುತ್ತಾನೆ. ನಮ್ಮ ಮದುವೆ ಮನೆ ಭಾಷಣಗಳಲ್ಲಿ ಇದು ಇವತ್ತಿಗೂ ಉಂಟು.

ರಾಜರಿಗೆ ಪಟ್ಟಿ ಯಾಕೆ ಬೇಕಿತ್ತು?

ತೆರಿಗೆಗೆ. ಮತ್ತೆ ಯಾರ ಜಮೀನು ಯಾರದು ಅಂತ ತೀರ್ಮಾನ ಮಾಡೋದಕ್ಕೆ. ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ ಮೇಲೆ, 1085ರ ಕ್ರಿಸ್ಮಸ್ ಹೊತ್ತಿಗೆ ಇಡೀ ದೇಶದ ಸರ್ವೆಗೆ ಆಜ್ಞೆ ಮಾಡಿದ. 1086ರ ಆ ದಾಖಲೆಯೇ ಡೂಮ್ಸ್‌ಡೇ ಬುಕ್. 13,000ಕ್ಕೂ ಹೆಚ್ಚು ಊರುಗಳ ನೇಗಿಲು, ಗಿರಣಿ, ಹುಲ್ಲುಗಾವಲು, ಆಳುಕಾಳು ಎಲ್ಲ ಅದರಲ್ಲಿವೆ. ಆದರೆ ಲಂಡನ್ನೇ ಇಲ್ಲ!

ಅದೇ ಕಾಲದ ಇಂಗ್ಲಿಷ್ ಮಠದ ಬರಹಗಾರನೊಬ್ಬ ಸಿಟ್ಟಿನಿಂದ ಬರೆದಿಟ್ಟ: ಒಂದು ಎತ್ತು, ಒಂದು ಹಸು, ಒಂದು ಹಂದಿಯನ್ನೂ ಬಿಡದೆ ಬರೆಸಿಕೊಂಡ, ಹೇಳೋದಕ್ಕೇ ನಾಚಿಕೆ, ಮಾಡೋದಕ್ಕೆ ಅವನಿಗೆ ನಾಚಿಕೆ ಆಗಲಿಲ್ಲ. ಎಣಿಸಿಕೊಳ್ಳುವವರ ಕಡೆಯಿಂದ ಪಟ್ಟಿ ಹೇಗೆ ಕಾಣುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೇ ಸಾಕ್ಷಿ ನನಗೆ ಗೊತ್ತಿಲ್ಲ. ಯಾರ್ಕ್‌ಷೈರ್ ಭಾಗದ ಪುಟಗಳಲ್ಲಿ ಊರ ಹೆಸರಿನ ಮುಂದೆ 'ಹಾಳು' ಅಂತ ಮತ್ತೆ ಮತ್ತೆ ಬರುತ್ತದೆ. 1069-70ರ ಚಳಿಗಾಲದಲ್ಲಿ ವಿಲಿಯಂನ ಸೈನ್ಯ ಆ ಸೀಮೆಯನ್ನು ಸುಟ್ಟು ಹಾಕಿತ್ತು. ಇತಿಹಾಸಕಾರರು ಇವೆರಡನ್ನೂ ಜೋಡಿಸಿ ನೋಡುವುದುಂಟು.

ಉಯಿಲಿನ ರೂಪದಲ್ಲಿ ಪದ್ಯ ಇದೆಯಂತೆ?

ಇದೆ. ಬರೆದವನು ಫ್ರೆಂಚ್ ಕವಿ ಫ್ರಾನ್ಸ್ವಾ ವಿಯೋಂ, ಪ್ಯಾರಿಸ್‌ನಲ್ಲಿ ಓದಿದವನು, ಕಳ್ಳತನದ ಕೇಸುಗಳಲ್ಲಿ ಸಿಕ್ಕಿಬಿದ್ದವನು. 1456ರಲ್ಲಿ ಒಂದು ಪುಟ್ಟ ಉಯಿಲು ಪದ್ಯ, 1461ರಲ್ಲಿ ದೊಡ್ಡದು. ವಕೀಲರ ಕಾಗದದಲ್ಲಿ ಬರುವ ಹಾಗೇ 'ಐಟಂ, ಐಟಂ' ಅಂತ ಚರಣಗಳು ಶುರುವಾಗುತ್ತವೆ. ಕೈಯಲ್ಲಿ ಕಾಸಿಲ್ಲ, ಆದರೂ ಹಂಚುತ್ತಾನೆ. ಪುಟ್ಟ ಉಯಿಲಿನಲ್ಲಿ ಕ್ಷೌರಿಕನಿಗೆ ಏನು ಬಿಡುತ್ತಾನೆ? ಕತ್ತರಿಸಿ ಬಿದ್ದ ತನ್ನ ಕೂದಲು. ಚಮ್ಮಾರನಿಗೆ ಹಳೇ ಚಪ್ಪಲಿ. ಹಳೇ ಬಟ್ಟೆ ವ್ಯಾಪಾರಿಗೆ ಮೈಮೇಲಿನ ಬಟ್ಟೆ. ಅವರವರ ವಸ್ತು ಅವರವರಿಗೇ ವಾಪಸ್.

ದೊಡ್ಡ ಉಯಿಲಿನಲ್ಲಿ ಹಿಂದಿನ ಕಾಲದ ಹೆಂಗಸರ ಬಲ್ಲಾಡ್ ಬರುತ್ತದೆ: ಫ್ಲೋರಾ ಎಲ್ಲಿ, ಥಾಯಿಸ್ ಎಲ್ಲಿ, ಎಲೊಯೀಸ್ ಎಲ್ಲಿ, ಹೋದ ವರ್ಷದ ಹಿಮ ಎಲ್ಲಿ ಅಂತ. ಪುರಾಣದ, ಹಳೇ ಚರಿತ್ರೆಯ ಹೆಸರುಗಳ ನಡುವೆ ಇದ್ದಕ್ಕಿದ್ದ ಹಾಗೆ ಇಂಗ್ಲಿಷರು ರೂವಾನ್‌ನಲ್ಲಿ ಸುಟ್ಟ ಜೋನ್ ಆಫ್ ಆರ್ಕ್ ಬರುತ್ತಾಳೆ. ಅವಳು ಸತ್ತದ್ದು 1431ರಲ್ಲಿ, ವಿಯೋಂ ಹುಟ್ಟಿದ್ದೂ ಅದೇ ವರ್ಷ ಅನ್ನುತ್ತಾರೆ. ಪುರಾಣದ ಪಕ್ಕ ಊರಿನ ಹಸಿ ಗಾಯವನ್ನು ಇಟ್ಟದ್ದರಿಂದಲೇ ಆ ಪದ್ಯ ಚುಚ್ಚುತ್ತದೆ.

ರಾಬೆಲೆ ಆಟಗಳ ಪಟ್ಟಿ ಅಷ್ಟುದ್ದ ಯಾಕೆ? ಓದೋಕಾಗಲ್ಲ!

ಒಂದೇ ಉಸಿರಿಗೆ ಓದೋದಕ್ಕಾಗಬಾರದು ಅಂತಲೇ. ಫ್ರೆಂಚ್ ಬರಹಗಾರ ರಾಬೆಲೆಯ 1530ರ ದಶಕದ ನಗೆಕಥೆ 'ಗಾರ್ಗಾಂಚುವಾ'ದಲ್ಲಿ ದೈತ್ಯ ಹುಡುಗ ಊಟ ಮುಗಿಸಿ, ಕೈ ತೊಳೆದು, ಆಡಲು ಕೂರುತ್ತಾನೆ. 200ಕ್ಕೂ ಹೆಚ್ಚು ಆಟಗಳ ಹೆಸರು ಸಾಲಾಗಿ ಬರುತ್ತವೆ. ಇಸ್ಪೀಟು, ದಾಳ, ಮಕ್ಕಳ ಆಟ, ಕೆಲವು ಪೋಲಿ ಹೆಸರು. ದೈತ್ಯನ ಹೊಟ್ಟೆಯ ಹಾಗೆ ಪಟ್ಟಿಯೂ ದೊಡ್ಡದು. ಅವನು ದಿನವಿಡೀ ಓದದೆ ಕಾಲ ಕಳೆದ ಅಂತ ಒಂದು ಸಾಲಲ್ಲಿ ಹೇಳಬಹುದಿತ್ತು. ರಾಬೆಲೆ ನಿಮ್ಮ ಕಾಲವನ್ನೂ ಕಳೆಸುತ್ತಾನೆ. 1575ರಲ್ಲಿ ಜರ್ಮನ್‌ಗೆ ತಂದ ಫಿಶಾರ್ಟ್ ಆ ಪಟ್ಟಿಯನ್ನು ಕಡಿಮೆ ಮಾಡುವ ಬದಲು ಇನ್ನೂ ಬೆಳೆಸಿದ!

ಇದರ ಹಿಂದೆ ಸ್ಕೂಲಿನ ಅಭ್ಯಾಸವೂ ಇದೆ. ಮಾತನ್ನು ಧಾರಾಳವಾಗಿ ಬೆಳೆಸುವುದು ಹೇಗೆ ಅಂತ ಎರಾಸ್ಮಸ್ ಎಂಬ ವಿದ್ವಾಂಸ 1512ರಲ್ಲಿ ಒಂದು ಲ್ಯಾಟಿನ್ ಪಠ್ಯ ಬರೆದ. 'ನಿಮ್ಮ ಪತ್ರ ನನಗೆ ತುಂಬಾ ಸಂತೋಷ ಕೊಟ್ಟಿತು' ಅನ್ನುವ ಒಂದೇ ವಾಕ್ಯವನ್ನು ನೂರಕ್ಕೂ ಜಾಸ್ತಿ ರೀತಿಯಲ್ಲಿ ತಿರುಗಿಸಿ ತೋರಿಸಿದ. ಅಂಥ ಪಾಠ ಓದಿ ಬೆಳೆದ ತಲೆಮಾರಿಗೆ ಒಂದು ಸಾಕು ಅನ್ನುವ ಮಾತೇ ಗೊತ್ತಿರಲಿಲ್ಲ.

ಚಿತ್ರದಲ್ಲಿ ಪಟ್ಟಿ ಹೇಗೆ ಸಾಧ್ಯ?

ಪೀಟರ್ ಬ್ರೂಗಲ್‌ನ 'ನೆದರ್‌ಲ್ಯಾಂಡಿನ ಗಾದೆಗಳು' ನೋಡಿ. 1559ರದು, ಓಕ್ ಹಲಗೆಯ ಮೇಲೆ ಎಣ್ಣೆ ಬಣ್ಣ, ಈಗ ಬರ್ಲಿನ್‌ನಲ್ಲಿದೆ. ಅಗಲ ಒಂದೂವರೆ ಮೀಟರ್‌ಗಿಂತ ಸ್ವಲ್ಪ ಜಾಸ್ತಿ. ದೂರದಿಂದ ಸುಮ್ನೆ ಒಂದು ಹಳ್ಳಿ. ಹತ್ತಿರ ಹೋದರೆ ಪ್ರತಿಯೊಬ್ಬನೂ ಒಂದು ಗಾದೆಯನ್ನು ಅಕ್ಷರಶಃ ಮಾಡುತ್ತಿದ್ದಾನೆ. ಒಟ್ಟು ನೂರಕ್ಕೂ ಮೇಲೆ.

ಒಬ್ಬ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದಾನೆ. ಇನ್ನೊಬ್ಬ ಮೈತುಂಬ ಕವಚ ಹಾಕಿಕೊಂಡು ಬೆಕ್ಕಿನ ಕುತ್ತಿಗೆಗೆ ಗಂಟೆ ಕಟ್ಟುತ್ತಿದ್ದಾನೆ. ಒಬ್ಬ ಕುರಿಯ ಉಣ್ಣೆ ಕತ್ತರಿಸಿದರೆ ಪಕ್ಕದವನು ಹಂದಿಯ ಕೂದಲು ಕತ್ತರಿಸುತ್ತಿದ್ದಾನೆ. ಒಬ್ಬ ಹಂದಿಗಳ ಮುಂದೆ ಗುಲಾಬಿ ಚೆಲ್ಲುತ್ತಿದ್ದಾನೆ. ಕರು ಮುಳುಗಿ ಸತ್ತ ಮೇಲೆ ಒಬ್ಬ ಗುದ್ದಲಿ ಹಿಡಿದು ಗುಂಡಿ ಮುಚ್ಚುತ್ತಿದ್ದಾನೆ. ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕುವವರನ್ನು ಕಂಡ ನಮಗೆ ಇವನ ಪರಿಚಯ ಬೇಕಿಲ್ಲ. ನಟ್ಟನಡುವೆ ಕೆಂಪು ಬಟ್ಟೆಯ ಹೆಂಡತಿ ಗಂಡನಿಗೆ ನೀಲಿ ನಿಲುವಂಗಿ ಹೊದಿಸುತ್ತಿದ್ದಾಳೆ. ಅವಳು ಗಂಡನಿಗೆ ಮೋಸ ಮಾಡುತ್ತಿದ್ದಾಳೆ ಅಂತ ಅರ್ಥ. ಒಂದು ಮನೆಯ ಗೋಡೆಗೆ ಭೂಗೋಳ ತಲೆಕೆಳಗಾಗಿ ನೇತು ಬಿದ್ದಿದೆ.

ಬ್ರೂಗಲ್‌ಗೆ ಮುಂಚೆ, 1558ರ ಸುಮಾರಿಗೆ, ಹೋಗನ್‌ಬರ್ಗ್ ಎಂಬ ಕಲಾವಿದ ಇದೇ ವಿಷಯದ ಮುದ್ರಿತ ಚಿತ್ರ ಮಾಡಿದ್ದ. ಅದರಲ್ಲಿ ಪ್ರತಿ ಗಾದೆಯ ಪಕ್ಕ ಬರಹವೂ ಇತ್ತು. ಬ್ರೂಗಲ್ ಬರಹ ತೆಗೆದುಹಾಕಿ ಎಲ್ಲರನ್ನೂ ಒಂದೇ ಊರಲ್ಲಿ ಬಿಟ್ಟ. ಈಗ ಗಾದೆ ಗುರುತಿಸುವ ಕೆಲಸ ನೋಡುವವರದು. ಅದೂ ಅಲ್ಲದೆ ಒಬ್ಬರ ದಡ್ಡತನ ಪಕ್ಕದವರಿಗೆ ಕಾಣುವುದೇ ಇಲ್ಲ, ಎಲ್ಲರೂ ತಮ್ಮ ತಮ್ಮ ಕೆಲಸದಲ್ಲಿ ಮುಳುಗಿದ್ದಾರೆ. ನನ್ನ ಪ್ರಕಾರ ಚಿತ್ರದ ಕಟಕಿ ಗಾದೆಗಳಲ್ಲಿ ಅಷ್ಟಿಲ್ಲ, ಈ ನೆರೆಹೊರೆಯಲ್ಲಿದೆ.

ಮಾರನೇ ವರ್ಷ ಬರೆದ 'ಮಕ್ಕಳ ಆಟಗಳು' ವಿಯೆನ್ನಾದಲ್ಲಿದೆ. ಅಲ್ಲಿ 80ರಷ್ಟು ಆಟ: ಕಣ್ಣಾಮುಚ್ಚಾಲೆ, ಮರಗಾಲು, ಚಕ್ರ ಓಡಿಸುವುದು, ಮೂಳೆಯ ಗಜ್ಜುಗ. ವಿಚಿತ್ರ ಅಂದರೆ ಮಕ್ಕಳ ಮುಖದಲ್ಲಿ ನಗು ಕಮ್ಮಿ.

ಹಣ್ಣು ತರಕಾರಿಯ ಮುಖಗಳೂ ಈ ಲೆಕ್ಕಕ್ಕೇನಾ?

ಹೌದು. ಅರಸರ ಆಸ್ಥಾನದಲ್ಲಿದ್ದ ಚಿತ್ರಕಾರ ಆರ್ಚಿಂಬೋಲ್ಡೊ ಬರೆದ, 1563ರ 'ಬೇಸಿಗೆ'ಯಲ್ಲಿ ಮೂಗು ಸೌತೆಕಾಯಿ, ಕೆನ್ನೆ ಪೀಚ್, ಕಿವಿ ಮುಸುಕಿನ ಜೋಳ. ಅಮೆರಿಕದಿಂದ ಜೋಳ ಬಂದು ಆಗಿನ್ನೂ ನೂರು ವರ್ಷ ಆಗಿರಲಿಲ್ಲ. ಅರಸರಿಗೆ ತಮ್ಮ ಹತ್ತಿರ ಏನೇನಿದೆ ಅಂತ ತೋರಿಸಿಕೊಳ್ಳುವ ಚಪಲ. ಕಲಾವಿದ ತನ್ನ ಹೆಸರನ್ನು ಕೊರಳಪಟ್ಟಿಯ ಹುಲ್ಲಿನಲ್ಲೇ ನೇಯ್ದಿದ್ದಾನೆ, ಹುಡುಕಿ ನೋಡಿ.

'ಸಾವಿನ ಕುಣಿತ' ಅಂದ್ರೆ?

ಸತ್ತವರು ಬದುಕಿದ್ದವರ ಕೈ ಹಿಡಿದು ಕುಣಿಯುತ್ತಾ ಕರೆದೊಯ್ಯುವ ಚಿತ್ರಸಾಲು. ಪ್ಯಾರಿಸ್‌ನ ಇನ್ನೊಸೆಂಟ್ಸ್ ಸ್ಮಶಾನದ ಗೋಡೆಯಲ್ಲಿ 1424-25ರಲ್ಲಿ ಬರೆದದ್ದು ತುಂಬ ಹೆಸರಾಗಿತ್ತು. ಗೋಡೆಯನ್ನು 1669ರಲ್ಲಿ ಕೆಡವಿದರು. 1485ರಲ್ಲಿ ಗುಯೋ ಮಾರ್ಶಾಂ ಅಚ್ಚು ಹಾಕಿದ ಪುಸ್ತಕದಿಂದ ಅದರ ಅಂದಾಜು ಸಿಗುತ್ತದೆ. ಪೋಪ್, ಚಕ್ರವರ್ತಿ, ಕಾರ್ಡಿನಲ್, ರಾಜ, ಹೀಗೆ ಚರ್ಚಿನವರೊಬ್ಬರು ಹೊರಗಿನವರೊಬ್ಬರು ಅಂತ ದರ್ಜೆ ಇಳಿಯುತ್ತಾ ರೈತ, ಕೂಸಿನವರೆಗೆ ಬರುತ್ತದೆ. ಸತ್ತರೆ ಎಲ್ಲರೂ ಒಂದೇ ಅಂತ ಹೇಳಲು ಹೊರಟವರು ಕ್ಯೂ ಮಾತ್ರ ದರ್ಜೆ ಪ್ರಕಾರವೇ ನಿಲ್ಲಿಸಿದ್ದಾರೆ!

ಎ ಬಿ ಸಿ ಕ್ರಮ ಮೊದಲಿಂದಲೂ ಇತ್ತಾ?

ಗೊತ್ತಿತ್ತು, ಆದರೆ ಎಲ್ಲರಿಗೂ ರೂಢಿ ಇರಲಿಲ್ಲ. ದೇವರು, ದೇವತೆ, ಮನುಷ್ಯ, ಪ್ರಾಣಿ, ಕಲ್ಲು ಅಂತ ಮೇಲಿನಿಂದ ಕೆಳಗೆ ಜೋಡಿಸುವುದು ಮರ್ಯಾದೆಯ ಕ್ರಮ. ಅಕ್ಷರದ ಕ್ರಮ ಹಿಡಿದರೆ ಕತ್ತೆ ದೇವರಿಗಿಂತ ಮುಂಚೆ ಬಂದುಬಿಡಬಹುದು. 1286ರಲ್ಲಿ ಜಿನೋವಾದ ಬಾಲ್ಬಿ ಎಂಬ ಪಾದ್ರಿ ತನ್ನ ಲ್ಯಾಟಿನ್ ನಿಘಂಟಿನಲ್ಲಿ ಈ ಕ್ರಮ ಹೇಗೆ ನಡೆಯುತ್ತದೆ ಅಂತ ಉದಾಹರಣೆ ಸಮೇತ ವಿವರಿಸಬೇಕಾಯಿತು. ಅಷ್ಟೇಕೆ, 1604ರ ಇಂಗ್ಲಿಷ್ ನಿಘಂಟಿನಲ್ಲೂ ಕೌಡ್ರಿ ಓದುಗರಿಗೆ ಹೇಳುತ್ತಾನೆ: ನಿಮ್ಮ ಪದ ಎ ಇಂದ ಶುರುವಾದರೆ ಪುಸ್ತಕದ ಮೊದಲಲ್ಲಿ ಹುಡುಕಿ, ವಿ ಇಂದ ಆದರೆ ಕೊನೆಯ ಕಡೆ. ನಗಬೇಡಿ, ಅಮರಕೋಶ ಬಾಯಿಪಾಠ ಮಾಡಿದ ನಮ್ಮ ಹಿರಿಯರೂ ಪದಗಳನ್ನು ಸ್ವರ್ಗ, ಭೂಮಿ, ಊರು, ಕಾಡು ಅಂತ ವಿಷಯವಾರು ಕಲಿತವರೇ.

ದೊಡ್ಡ ಪಟ್ಟಿಗಳನ್ನು ಕೈಯಲ್ಲೇ ಹೇಗೆ ಮಾಡ್ತಿದ್ರು?

ಕತ್ತರಿ ಹಿಡಿದು. ಜೂರಿಕ್‌ನ ಕಾನ್ರಾಡ್ ಗೆಸ್ನರ್ 1545ರಲ್ಲಿ ಲ್ಯಾಟಿನ್, ಗ್ರೀಕ್, ಹೀಬ್ರೂ ಪುಸ್ತಕಗಳ ಭಾರೀ ಪಟ್ಟಿ ಪ್ರಕಟಿಸಿದ. ಸುಮಾರು 3,000 ಲೇಖಕರು, 10,000ದಷ್ಟು ಕೃತಿಗಳು. ಆಮೇಲೆ ವಿಧಾನವನ್ನೂ ಹೇಳಿಕೊಟ್ಟ. ಹಾಳೆಯ ಒಂದೇ ಬದಿ ಬರೆಯಿರಿ, ಕತ್ತರಿಸಿ ಚೀಟಿ ಮಾಡಿ, ಬೇಕಾದ ಕ್ರಮದಲ್ಲಿ ಜೋಡಿಸಿ, ಆಮೇಲೆ ಅಂಟಿಸಿ.

ಹೆಂಗಸರು ಪಟ್ಟಿ ಮಾಡಲಿಲ್ವಾ?

ಮಾಡಿದರು, ಜಗಳಕ್ಕೂ ಬಳಸಿದರು. ಕೆಟ್ಟ ಹೆಂಗಸರ ಪಟ್ಟಿ ಹಾಕುವುದು ಆಗಿನ ಗಂಡಸರ ಪುಸ್ತಕಗಳ ಮಾಮೂಲು ಕಸುಬು. ಪ್ಯಾರಿಸ್‌ನಲ್ಲಿ ಬರೆದು ಮನೆ ನಡೆಸುತ್ತಿದ್ದ ವಿಧವೆ ಕ್ರಿಸ್ಟೀನ್ ದ ಪಿಜಾನ್ 1405ರ ಸುಮಾರಿಗೆ ತಿರುಗೇಟು ಕೊಟ್ಟಳು. 'ಹೆಂಗಸರ ನಗರ' ಅವಳ ಪುಸ್ತಕ. ವಿವೇಕ, ಸನ್ನಡತೆ, ನ್ಯಾಯ ಎಂಬ ಮೂವರು ಹೆಂಗಸರು ಬಂದು ನಗರ ಕಟ್ಟು ಅನ್ನುತ್ತಾರೆ. ಒಬ್ಬೊಬ್ಬ ಒಳ್ಳೆಯ ಹೆಂಗಸಿನ ಕಥೆ ಒಂದೊಂದು ಕಲ್ಲು. ಇಟಲಿಯ ಬರಹಗಾರ ಬೊಕಾಚಿಯೋ ಬರೆದಿದ್ದ ಹೆಂಗಸರ ಚರಿತ್ರೆಯಿಂದ ಬೇಕಾದಷ್ಟು ಹೆಸರು ತೆಗೆದುಕೊಂಡಳು, ಆದರೆ ಅವನ ಚುಚ್ಚುಮಾತು ಬಿಟ್ಟಳು. ಜಪಾನಿನಲ್ಲಿ ಅವಳಿಗಿಂತ 400 ವರ್ಷ ಮುಂಚೆಯೇ ಅರಮನೆಯ ಸೇಯಿ ಶೋನಾಗಾನ್ ಎಂಬಾಕೆ 'ಎದೆ ಬಡಿತ ಜೋರಾಗಿಸುವ ಸಂಗತಿಗಳು', 'ಸಿಟ್ಟು ಬರಿಸುವ ಸಂಗತಿಗಳು' ಅಂತ ಬರೆದಿದ್ದಳು. ಅದು ಬೇರೆಯೇ ಲೋಕ, ಬೇರೆ ಪುಟ ಬೇಕು.

ಒಂದೇ ಒಂದು ಪಟ್ಟಿ ಓದ್ತೀನಿ ಅಂದ್ರೆ ಯಾವುದು?

ಫಾಲ್‌ಸ್ಟಾಫ್‌ನ ಹೆಂಡದಂಗಡಿ ಬಿಲ್. ಶೇಕ್ಸ್‌ಪಿಯರ್‌ನ 'ನಾಲ್ಕನೇ ಹೆನ್ರಿ' ನಾಟಕದ ಮೊದಲ ಭಾಗ. ಡೊಳ್ಳುಹೊಟ್ಟೆಯ ಫಾಲ್‌ಸ್ಟಾಫ್ ಪರದೆ ಹಿಂದೆ ಗೊರಕೆ ಹೊಡೆಯುತ್ತಿದ್ದಾನೆ. ರಾಜಕುಮಾರ ಅವನ ಜೇಬು ತಡಕಿಸುತ್ತಾನೆ. ಸಿಗುವುದು ಹೆಂಡದಂಗಡಿಯ ಲೆಕ್ಕ. ಕೊಬ್ಬಿದ ಹುಂಜ, 2 ಶಿಲ್ಲಿಂಗ್ 2 ಪೆನ್ಸ್. ಸಾಸ್, 4 ಪೆನ್ಸ್. ಸ್ಯಾಕ್ ವೈನ್ ಎರಡು ಗ್ಯಾಲನ್, 5 ಶಿಲ್ಲಿಂಗ್ 8 ಪೆನ್ಸ್. ಊಟ ಆದಮೇಲೆ ಮೀನು ಮತ್ತೆ ವೈನ್, 2 ಶಿಲ್ಲಿಂಗ್ 6 ಪೆನ್ಸ್. ಬ್ರೆಡ್ಡು, ಅರ್ಧ ಪೆನ್ನಿ. ಅಷ್ಟೊಂದು ಹೆಂಡಕ್ಕೆ ಬರೀ ಅರ್ಧ ಪೆನ್ನಿ ಬ್ರೆಡ್ಡಾ ಅಂತ ರಾಜಕುಮಾರ ಬೆರಗಾಗುತ್ತಾನೆ. ಆಮೇಲೆ ಎಚ್ಚೆತ್ತ ಫಾಲ್‌ಸ್ಟಾಫ್, ನನ್ನ ಜೇಬಿನಿಂದ ನಲವತ್ತು ಪೌಂಡಿನ ಮೂರ್ನಾಲ್ಕು ಪತ್ರ, ಅಜ್ಜನ ಮುದ್ರೆಯುಂಗುರ ಕದ್ದಿದ್ದಾರೆ ಅಂತ ಹುಯಿಲೆಬ್ಬಿಸುತ್ತಾನೆ. ಒಂದೇ ಜೇಬಿಗೆ ಎರಡು ಪಟ್ಟಿ. ನಿಜವಾದದ್ದು ಯಾವುದು ಅಂತ ನಮಗೂ ರಾಜಕುಮಾರನಿಗೂ ಗೊತ್ತು.

ಕನ್ನಡದಲ್ಲಿ ಇಂಥದ್ದು ಇದೆಯಾ?

ಬೇಕಾದಷ್ಟು. ಮಹಾಕಾವ್ಯ ಅಂದರೆ ಹದಿನೆಂಟು ವರ್ಣನೆ ಇರಬೇಕು ಅನ್ನುವ ನಿಯಮವೇ ಒಂದು ಪಟ್ಟಿ. ಶಾಸನಗಳ ಬಿರುದಾವಳಿ ಇನ್ನೊಂದು. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಮಾಡಿದ 'ಮಾನಸೋಲ್ಲಾಸ'ದಲ್ಲಿ ಆನೆ, ಕುದುರೆ, ರತ್ನ, ಆಟ, ಅಡುಗೆ ಎಲ್ಲ ಸೇರಿ ನೂರು ಅಧ್ಯಾಯ.

ನನಗೆ ಇಷ್ಟವಾದದ್ದು ಮಾತ್ರ ಬಳ್ಳಿಗಾವೆಯ ಕೋಡಿಯ ಮಠದ 1162ರ ಶಾಸನ. ಅದು ಕಾಳಾಮುಖ ಶೈವರ ಮಠ. ಅಲ್ಲಿ ಏನೇನು ಓದಿಸುತ್ತಿದ್ದರು ಅಂತ ಶುರುವಾಗುತ್ತದೆ: ನಾಲ್ಕು ವೇದ, ಕೌಮಾರ, ಪಾಣಿನೀಯ, ಶಾಕಟಾಯನ ವ್ಯಾಕರಣಗಳು, ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಜೊತೆಗೆ ಬೌದ್ಧ ದರ್ಶನ, ಹದಿನೆಂಟು ಪುರಾಣ, ಕಾವ್ಯ, ನಾಟಕ. ಆಮೇಲೆ ಊಟ ಯಾರಿಗೆ? ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಕಥೆ ಹೇಳುವವರು, ಹಾಡುವವರು, ನುಡಿಸುವವರು, ಜೈನ ಕ್ಷಪಣಕರು, ಏಕದಂಡಿ, ತ್ರಿದಂಡಿ, ಹಂಸ, ಪರಮಹಂಸ ಅಂತ ಬಗೆಬಗೆಯ ಸನ್ಯಾಸಿಗಳು. ಕಾಯಿಲೆಯವರಿಗೆ ಚಿಕಿತ್ಸೆ. ಎಲ್ಲ ಜೀವಿಗಳಿಗೆ ಅಭಯ.

ಇಲ್ಲೂ ಪಕ್ಕಪಕ್ಕ ನೋಡಿ. ಶೈವ ಮಠದ ಪಾಠದಲ್ಲಿ ಬೌದ್ಧ ದರ್ಶನ, ಪಂಕ್ತಿಯಲ್ಲಿ ಜೈನ ಸನ್ಯಾಸಿ, ವಿದ್ಯೆಗಳ ಸಾಲು ಮುಗಿದ ಮೇಲೆ ಕುರುಡರು ಮತ್ತು ಹಾಡುಗಾರರು. ಮಠದ ಹೊಗಳಿಕೆಗೆ ಬರೆದದ್ದು ಅನ್ನುವುದು ನಿಜ, ಎಲ್ಲವೂ ದಿನಾ ಹಾಗೇ ನಡೆಯಿತು ಅಂತಲ್ಲ. ಆದರೆ ಹೊಗಳಿಸಿಕೊಳ್ಳಬೇಕಾದರೆ ಯಾರನ್ನೆಲ್ಲ ಪಟ್ಟಿಗೆ ಸೇರಿಸಬೇಕು ಅಂತ ಅವರಿಗೆ ಅನಿಸಿತ್ತಲ್ಲ, ಅದು ದೊಡ್ಡದು.

ಇವನ್ನೆಲ್ಲ ನೋಡೋದು ಎಲ್ಲಿ?

ಬ್ರೂಗಲ್‌ನ ಗಾದೆಗಳು ಬರ್ಲಿನ್‌ನ ಗೆಮೆಲ್ಡೆಗಲರಿಯಲ್ಲಿ. ಮಕ್ಕಳ ಆಟ ಮತ್ತು ಆರ್ಚಿಂಬೋಲ್ಡೊನ 'ಬೇಸಿಗೆ' ಎರಡೂ ವಿಯೆನ್ನಾದ ಕಲಾ ಇತಿಹಾಸ ಮ್ಯೂಸಿಯಂನಲ್ಲಿ. ಡೂಮ್ಸ್‌ಡೇ ಬುಕ್ ಇರುವುದು ಲಂಡನ್ನಿನ ಕ್ಯೂ ಎಂಬಲ್ಲಿ, ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ. ಟಿಕೆಟ್ ದುಡ್ಡಿಲ್ಲದಿದ್ದರೂ ಚಿಂತೆ ಇಲ್ಲ. ಬ್ರೂಗಲ್‌ನ ಚಿತ್ರಗಳ ದೊಡ್ಡ ಫೋಟೋಗಳು ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ, ಝೂಮ್ ಮಾಡಿ ಒಂದೊಂದೇ ಮೂಲೆ ನೋಡಬಹುದು. ಮೊಬೈಲ್ ಬೇಡ, ಕಂಪ್ಯೂಟರ್ ಪರದೆಯಲ್ಲಿ ನೋಡಿ. ಬಳ್ಳಿಗಾವೆ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿದೆ. ಕೇದಾರೇಶ್ವರ ದೇವಸ್ಥಾನ ಕೇಳಿಕೊಂಡು ಹೋದರೆ ಸಾಕು.